‘ಅಷ್ಟೇನಿಲ್ಲ ಬಿಡು’ ಅಂದಿದ್ದು ಸುಳ್ಳು

ಕಳೆದ ತಿಂಗಳು ಪ್ರಾಜೆಕ್ಟ್ ರಿವ್ಯೂ ಮುಗಿಸಿ ಕ್ಯಾಂಟೀನಿಗೆ ಬಂದಿದ್ದೆ. ಆರು ತಿಂಗಳ ಮೇಲೆ ಮೊದಲ ಸಲ. ಕಾಫಿ ಅದೇ ನೀರು ನೀರು, ಮೂಲೆ ಟೇಬಲ್ಲು ಅದೇ ಅಲುಗಾಟ. ಜೂನಿಯರ್ ಹುಡುಗಿಯರು ಮೊಬೈಲಿನಲ್ಲಿ ಮಗಳ ಫೋಟೊ ನೋಡಿ ‘ಅಯ್ಯೋ ಎಷ್ಟು ಮುದ್ದಾಗಿದಾಳೆ ಅಕ್ಕ’ ಅಂತ ಒಬ್ಬರಿಂದ ಒಬ್ಬರು ಕಿತ್ತುಕೊಂಡರು. ಅವರಲ್ಲಿ ಒಬ್ಬಳು ಮಾತ್ರ ಫೋಟೊ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: ‘ಅಕ್ಕ, ತುಂಬಾ ನೋವಾಗುತ್ತಾ?’

ಪಕ್ಕದಲ್ಲಿ ಕೂತಿದ್ದ ಅವಳ ಕ್ಲಾಸಿನ ಹುಡುಗ ತಕ್ಷಣ ಸಮೋಸ ತರೋಕೆ ಎದ್ದು ಹೋದ. ಮುಂದಿದ್ದ ಪ್ಲೇಟಿನಲ್ಲಿ ಇನ್ನೂ ಎರಡು ಸಮೋಸ ಇತ್ತು.

ನಾನು ನಕ್ಕು ‘ಅಷ್ಟೇನಿಲ್ಲ ಬಿಡು’ ಅಂದೆ.

ಅವತ್ತು ಬಸ್ಸಿನಲ್ಲಿ ಕೂತು ಊರಿಗೆ ಹೋಗುವಾಗ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. ಯಾಕಂದ್ರೆ ನಾನೂ ಹೆರಿಗೆಗೆ ಮುಂಚೆ ಇದೇ ಪ್ರಶ್ನೆಯನ್ನು ನಾಲ್ಕು ಜನಕ್ಕೆ ಕೇಳಿದ್ದೆ. ನಾಲ್ಕೂ ಜನ ಇದೇ ಉತ್ತರ ಕೊಟ್ಟಿದ್ದರು. ಕನ್ನಡ ಸಂಘದ ಹುಡುಗರು ‘ಪತ್ರಿಕೆಗೆ ಏನಾದ್ರೂ ಬರೆದು ಕೊಡಿ ಮೇಡಂ’ ಅಂತ ಬೆನ್ನು ಹತ್ತಿದ್ದರು. ಅವಳಿಗೆ ಕೊಡಬೇಕಿದ್ದ ಉತ್ತರವನ್ನೇ ಬರೆಯುತ್ತಿದ್ದೇನೆ. ಸಮೋಸ ತರೋಕೆ ಹೋದವನೂ ಓದಲಿ.

ನನಗೆ ಮದುವೆಯಾದದ್ದು ಬಿ.ಇ. ಮುಗಿದ ಮರುವರ್ಷ. ಎಂ.ಟೆಕ್ ಎರಡನೇ ಸೆಮಿಸ್ಟರ್ ಪರೀಕ್ಷೆ ಹೊತ್ತಿಗೆ ಗೊತ್ತಾಯಿತು. ಮೂರನೇ ಸೆಮಿಸ್ಟರಿನ ಸೆಮಿನಾರ್ ಕೊಡುವಾಗ ಏಳನೇ ತಿಂಗಳು. ಪೋಡಿಯಂ ಹಿಂದೆ ನಿಂತರೆ ಹೊಟ್ಟೆ ತಾಗುತ್ತದೆ, ಪಕ್ಕಕ್ಕೆ ನಿಂತರೆ ಎಲ್ಲರ ಕಣ್ಣೂ ಸ್ಲೈಡ್ ಬಿಟ್ಟು ಹೊಟ್ಟೆ ಮೇಲೆ. ನಮ್ಮ ಗೈಡ್ ಒಳ್ಳೆಯವರು. ಒಂದು ಕುರ್ಚಿ ತರಿಸಿ ‘ಕೂತೇ ಹೇಳಮ್ಮ’ ಅಂದರು. ನಾಲ್ಕನೇ ಸೆಮಿಸ್ಟರ್ ಬರೀ ಪ್ರಾಜೆಕ್ಟ್ ಆದ್ದರಿಂದ ಹಾಜರಾತಿ ತಲೆನೋವು ಇರಲಿಲ್ಲ. ಸೀಮಂತ ಮುಗಿಸಿ, ಲ್ಯಾಪ್‌ಟಾಪ್ ಬ್ಯಾಗಿನ ಜೊತೆ ತವರಿಗೆ ಹೋದೆ. ನಮ್ಮದು ಹಾಸನದ ಕಡೆ ಒಂದು ಹಳ್ಳಿ.

ಇಂಜಿನಿಯರ್ ಅಂದ ಮೇಲೆ ಸುಮ್ಮನೆ ಹೆರೋಕಾಗುತ್ತಾ? ಎಕ್ಸೆಲ್ ಶೀಟ್ ಮಾಡಿದ್ದೆ. ಆಸ್ಪತ್ರೆ ಬ್ಯಾಗಿನ ಪಟ್ಟಿ, ಸ್ಕ್ಯಾನಿಂಗ್ ತಾರೀಕು, ತೂಕ, ಹಿಮೋಗ್ಲೋಬಿನ್ ಎಲ್ಲ ಅದರಲ್ಲಿ. ನೋವು ಲೆಕ್ಕ ಹಾಕುವ ಆ್ಯಪ್ ಒಂದನ್ನು ಹಾಕಿಕೊಂಡಿದ್ದೆ. ನೋವು ಶುರುವಾದಾಗ ಒಂದು ಸಲ ಒತ್ತಬೇಕು, ನಿಂತಾಗ ಇನ್ನೊಂದು ಸಲ. ಅಜ್ಜಿ ಅದನ್ನು ನೋಡಿ, ‘ನೋವು ಬಂದ್ರೆ ಫೋನ್ ಹೇಳಬೇಕಾ? ನಿಂಗೇ ಗೊತ್ತಾಗಲ್ವಾ?’ ಅಂತ ಕೇಳಿದಳು.

ಅಜ್ಜಿ ಹೆತ್ತದ್ದು ಏಳು, ಎಲ್ಲವೂ ಮನೆಯಲ್ಲೇ. ಆ ಏಳರಲ್ಲಿ ಉಳಿದದ್ದು ನಾಲ್ಕು. ಇದನ್ನು ಅವಳು ರಾಗಿ ಅಳೆದಷ್ಟೇ ಸಲೀಸಾಗಿ ಹೇಳುತ್ತಾಳೆ. ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರು ನೀವು ಕೇಳಿರುತ್ತೀರಿ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಕೈ ಅದು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮೂರಿಗೂ ಹಾಗೇ ಒಬ್ಬ ಸೂಲಗಿತ್ತಿ ಇದ್ದಳಂತೆ. ಅವಳು ಏನು ಮಾಡ್ತಿದ್ದಳು ಅಂತ ಅಜ್ಜಿಯನ್ನು ಕೇಳಿದೆ. ಔಷಧಿ, ಬೇರು ಅಂತೆಲ್ಲ ಹೇಳ್ತಾಳೆ ಅಂದುಕೊಂಡಿದ್ದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, ‘ಬೆನ್ನು ನೀವ್ತಾ ಪಕ್ಕದಲ್ಲೇ ಕೂತಿರೋಳು. ರಾತ್ರಿಯೆಲ್ಲಾ’ ಅಂದಳು. ಅಷ್ಟೇನಾ ಅನ್ನಿಸಿತು ಆಗ.

‘ನೋವು ಹೆಂಗಿರುತ್ತೆ ಅಜ್ಜಿ?’ ಅಂದರೆ, ‘ಅಷ್ಟೇನಿಲ್ಲ ಬಿಡು ಕೂಸೆ.’ ಅಮ್ಮನನ್ನು ಕೇಳಿದರೆ, ‘ಎಲ್ಲಾರೂ ಹೆರಲ್ವಾ? ಅಷ್ಟೇನಿಲ್ಲ.’ ಅತ್ತೆಯೂ ಅದೇ. ಹೈಸ್ಕೂಲಿನ ಗೆಳತಿಯೊಬ್ಬಳಿಗೆ ಎರಡು ಮಕ್ಕಳು, ಅವಳೂ ಅದೇ.

39ನೇ ವಾರದ ಒಂದು ರಾತ್ರಿ ಒಂದೂವರೆಗೆ ಎಚ್ಚರವಾಯಿತು. ಸೊಂಟದ ಹಿಂದೆ ಎಲ್ಲೋ ಒಂದು ಹಿಡಿತ ಹುಟ್ಟಿ, ಮುಂದಕ್ಕೆ ಬಂದು, ಹೊಟ್ಟೆ ಕಲ್ಲಿನಂತೆ ಬಿಗಿದು, ನಿಧಾನವಾಗಿ ಸಡಿಲವಾಯಿತು. ಹಿಂದಿನ ವಾರ ಸುಳ್ಳು ನೋವು ಬಂದು ಹೋಗಿತ್ತು, ಇದೂ ಹಾಗೇ ಅಂತ ಮಗ್ಗುಲಾದೆ. ಮತ್ತೆ ಬಂತು. ಆ್ಯಪ್ ತೆಗೆದೆ. 14 ನಿಮಿಷ, 12, 13, 10. ಬಚ್ಚಲಿಗೆ ಹೋದಾಗ ಲೋಳೆ ಜೊತೆ ಒಂಚೂರು ರಕ್ತ. ಅಮ್ಮನನ್ನು ಎಬ್ಬಿಸಿದೆ. ಅಮ್ಮ ಒಂದು ಮಾತೂ ಆಡದೆ ಒಲೆ ಹಚ್ಚಿ ನೀರು ಕಾಯಿಸಿ, ತಲೆ ಬಾಚಿ ಬಿಗಿಯಾಗಿ ಜಡೆ ಹಾಕಿದಳು. ಜಡೆ ಹಾಕುವಾಗ ಅವಳ ಕೈ ನಡುಗುತ್ತಿತ್ತು. ಚಳಿ ಇರಬೇಕು ಅಂದುಕೊಂಡೆ.

ಚಿಕ್ಕಪ್ಪನ ಓಮ್ನಿಯಲ್ಲಿ ಬೆಳಗ್ಗೆ ಆರಕ್ಕೆ ಹತ್ತಿರದ ಪಟ್ಟಣದ ಸರ್ಕಾರಿ ಆಸ್ಪತ್ರೆ. ತಾಯಿ ಕಾರ್ಡ್ ತೋರಿಸಿದೆವು. ಸಿಸ್ಟರ್ ಒಳಗೆ ಪರೀಕ್ಷೆ ಮಾಡಿ ‘ಎರಡೇ ಸೆಂಟಿಮೀಟರ್, ಮೊದಲನೇದು, ಟೈಮ್ ಆಗುತ್ತೆ. ನಡೆದಾಡ್ತಾ ಇರು’ ಅಂದರು. ಗರ್ಭಕೋಶದ ಬಾಯಿ 10 ಸೆಂಟಿಮೀಟರ್ ತೆರೆದರೆ ಮಗು ಹೊರಗೆ. ಐದು ಗಂಟೆ ನೋವು ತಿಂದು ಎರಡು ಆಗಿದೆ ಅಂದರೆ 10 ಆಗೋಕೆ ಇಪ್ಪತ್ತೈದು ಗಂಟೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ ಕಂಗಾಲಾದೆ. ಲೆಕ್ಕ ತಪ್ಪಿತ್ತು, ಇದು ಸರಳರೇಖೆಯಲ್ಲ. ಮೊದಲ ಕೆಲವು ಸೆಂಟಿಮೀಟರ್ ಆಮೆಯಂತೆ, ಕೊನೆಯವು ಬೇಗ. ಆದರೆ ಅದನ್ನು ನನಗೆ ಯಾರೂ ಹೇಳಿರಲಿಲ್ಲ.

ಬೆಂಗಳೂರಿನಿಂದ ಹೊರಟಿದ್ದ ನನ್ನವರು ಹತ್ತು ಗಂಟೆಗೆ ಬಂದರು. ವರಾಂಡದಲ್ಲಿ ಅವರ ಕೈ ಹಿಡಿದು ನಡೆದೆ. ನೋವು ಬಂದಾಗ ಗೋಡೆಗೆ ಹಣೆ ಒತ್ತಿ ನಿಲ್ಲುವುದು, ಹೋದಾಗ ಮತ್ತೆ ನಡೆಯುವುದು. ಮಧ್ಯಾಹ್ನದವರೆಗೂ ಜೋಕ್ ಮಾಡುತ್ತಿದ್ದೆ. ಮಧ್ಯಾಹ್ನದ ನಂತರ ಜೋಕ್ ನಿಂತಿತು. ಸಂಜೆ ಐದಕ್ಕೆ ನಾಲ್ಕು ಸೆಂಟಿಮೀಟರ್ ಅಂದು, ಬಟ್ಟೆ ಬದಲಿಸಿ ಹೆರಿಗೆ ಕೋಣೆಗೆ ಕರೆದುಕೊಂಡು ಹೋದರು. ಅಮ್ಮ ಬಾಗಿಲವರೆಗೂ ಬಂದಳು. ‘ನೀವು ಹೊರಗಿರಿ’ ಅಂತ ಬಾಗಿಲು ಹಾಕಿಕೊಂಡಿತು. ಫೋನನ್ನೂ ಹೊರಗೆ ಕೊಡಿಸಿದರು. ನನ್ನ ಆ್ಯಪ್, ಎಕ್ಸೆಲ್ ಎಲ್ಲ ಬಾಗಿಲ ಆಚೆ.

ಒಳಗೆ ಮೂರು ಕಬ್ಬಿಣದ ಮಂಚ, ನಡುವೆ ಪರದೆ ಇಲ್ಲ. ಒಂದು ಖಾಲಿ, ಒಂದರಲ್ಲಿ ಮೂರನೇ ಹೆರಿಗೆಗೆ ಬಂದಿದ್ದ ಒಬ್ಬ ಅಕ್ಕ. ಹೆರಿಗೆ ಸಮಯದಲ್ಲಿ ಜೊತೆಗೆ ಒಬ್ಬ ಹೆಂಗಸು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಹೇಳಿದೆ. ಅದು ನನಗೆ ಗೊತ್ತಾಗಿದ್ದು ಆಮೇಲೆ ಓದಿ. ಪರದೆಯೇ ಇಲ್ಲದ ಕೋಣೆಗೆ ಒಬ್ಬೊಬ್ಬರ ಜೊತೆ ಒಬ್ಬೊಬ್ಬರನ್ನು ಬಿಟ್ಟರೆ ಉಳಿದವರ ಮಾನದ ಗತಿ ಏನು ಅನ್ನೋದು ಆ ಸಿಸ್ಟರ್ ಕಷ್ಟ. ಅದೂ ನಿಜವೇ. ಆದರೆ ಆ ಹೊತ್ತಿನಲ್ಲಿ ನನಗೆ ಕಂಡದ್ದು ಮುಚ್ಚಿದ ಬಾಗಿಲು ಮಾತ್ರ.

ಈಗ ಆ ಪ್ರಶ್ನೆಗೆ ಬರ್ತೀನಿ. ಹೌದು, ತುಂಬಾ ನೋವಾಗುತ್ತೆ.

ಹೇಗೆ ಅಂದರೆ, ಇದು ಗಾಯದ ನೋವಿನ ಹಾಗಲ್ಲ. ಗಾಯ ಒಂದು ಕಡೆ ಇರುತ್ತದೆ, ಉಳಿದ ಮೈ ಅದನ್ನು ನೋಡುತ್ತಿರುತ್ತದೆ. ಇಲ್ಲಿ ನೋಡೋಕೆ ಉಳಿದ ಮೈಯೇ ಇರಲ್ಲ. ಅಲೆ ಬರುವ ಮುಂಚೆ ಅದು ಬರುತ್ತಿದೆ ಅಂತ ಗೊತ್ತಾಗುತ್ತದೆ, ಓಡೋಕಾಗಲ್ಲ. ಒಂದು ನಿಮಿಷ ಎಲ್ಲ ಮುಳುಗಿ ಹೋಗುತ್ತದೆ. ಆಮೇಲೆ ವಿಚಿತ್ರ ಅಂದರೆ, ಪೂರ್ತಿ ಬಿಡುತ್ತದೆ. ಆ ಎರಡು ಮೂರು ನಿಮಿಷದಲ್ಲಿ ನಾನು ಎರಡು ಸಲ ನಿದ್ದೆ ಮಾಡಿದ್ದೇನೆ, ಕನಸೂ ಬಿದ್ದಿದೆ. ಮತ್ತೆ ಅಲೆ. ಕಿರುಚಬಾರದು ಅಂದುಕೊಂಡಿದ್ದವಳು ಕಿರುಚಿದೆ. ಸಿಸ್ಟರ್ ದೂರದಿಂದಲೇ, ‘ಯಾಕಮ್ಮ ಹಿಂಗೆ ಕಿರುಚ್ತೀಯ? ನಿನ್ನೊಬ್ಬಳಿಗೇನಾ ನೋವು? ಓದಿದೋಳು ಬೇರೆ’ ಅಂದರು.

ನೋವಿಗಿಂತ ಆ ಮಾತು ಹೆಚ್ಚು ಚುಚ್ಚಿತು. ಓದಿದವಳು ಅಂದರೆ ಸುಮ್ಮನೆ ಹೆರಬೇಕಾ? ನಾಚಿಕೆಯಾಗಿ ಸೆರಗು ಬಾಯಿಗೆ ತುರುಕಿಕೊಂಡೆ. ಆಗ ಪಕ್ಕದ ಮಂಚದಿಂದ ಒಂದು ಕೈ ಬಂತು. ಎರಡು ಮಂಚದ ನಡುವೆ ಎರಡಡಿ ಜಾಗ, ಅದರಾಚೆಯಿಂದ ಕೈ ಚಾಚಿ ಆ ಅಕ್ಕ ನನ್ನ ಬೆರಳು ಹಿಡಿದಿದ್ದಳು. ಅವಳಿಗೂ ನೋವು ಬರುತ್ತಿತ್ತು. ‘ಕೂಗವ್ವ, ಕೂಗಿದ್ರೆ ಏನಾಯ್ತದೆ? ಬಾಯಿ ಕಟ್ಟಬ್ಯಾಡ. ಉಸಿರು ಬುಡು, ಉದ್ದಕೆ ಬುಡು’ ಅಂದಳು. ನನಗೆ ಬಂದಾಗ ಅವಳು ಹಿಡಿದಳು, ಅವಳಿಗೆ ಬಂದಾಗ ನಾನು ಹಿಡಿದೆ. ಅವಳ ಹೆಸರು ಇವತ್ತಿಗೂ ಗೊತ್ತಿಲ್ಲ. ಅಂಗೈಯಲ್ಲಿ ಬೀಡಿ ಎಲೆ ಕತ್ತರಿಸಿದಂಥ ಒರಟು ಗೆರೆಗಳಿದ್ದವು, ಅಷ್ಟು ನೆನಪು.

ಒಂಬತ್ತು ಗಂಟೆಗೆ ಹೌಸ್ ಸರ್ಜನ್ ಬಂದಳು. ನನ್ನದೇ ವಯಸ್ಸು, ಕಣ್ಣು ಕೆಂಪು, ನಿದ್ದೆ ಕಂಡು ಎರಡು ದಿನವಾದ ಮುಖ. ಪರೀಕ್ಷೆ ಮಾಡಿ ‘ಆರು’ ಅಂದು ಹಾಳೆಯ ಮೇಲೆ ಒಂದು ಗುರುತು ಹಾಕಿದಳು. ಗ್ರಾಫ್ ಹಾಳೆ! ಆ ಸ್ಥಿತಿಯಲ್ಲೂ ನನಗೆ ಗ್ರಾಫ್ ಕಂಡರೆ ಸುಮ್ಮನಿರೋಕಾಗಲಿಲ್ಲ. ‘ಎಕ್ಸ್ ಆ್ಯಕ್ಸಿಸ್ ಟೈಮಾ?’ ಅಂತ ಕೇಳಿದೆ. ಅವಳು ನಕ್ಕಳು. ‘ನೀವೇನು ಓದ್ತಿದೀರ?’ ‘ಎಂ.ಟೆಕ್, ಎಲೆಕ್ಟ್ರಿಕಲ್.’ ಹಾಳೆ ತಂದು ನನ್ನ ಕಣ್ಣ ಮುಂದೆ ಹಿಡಿದಳು.

ಅದರ ಹೆಸರು ಪಾರ್ಟೋಗ್ರಾಫ್. ಅಡ್ಡಕ್ಕೆ ಗಂಟೆಗಳು, ಉದ್ದಕ್ಕೆ ಸೆಂಟಿಮೀಟರ್. ಎರಡು ಓರೆ ಗೆರೆಗಳು. ಮೊದಲನೆಯದು ನಾಲ್ಕು ಸೆಂಟಿಮೀಟರಿನಿಂದ ಗಂಟೆಗೆ ಒಂದರಂತೆ ಏರುತ್ತದೆ, ಎಚ್ಚರಿಕೆಯ ಗೆರೆ. ಅದರಿಂದ ನಾಲ್ಕು ಗಂಟೆ ಬಲಕ್ಕೆ ಇನ್ನೊಂದು, ಕ್ರಮ ತೆಗೆದುಕೊಳ್ಳಬೇಕಾದ ಗೆರೆ. 1954ರಲ್ಲಿ ಅಮೆರಿಕದ ವೈದ್ಯ ಇಮ್ಯಾನುಯೆಲ್ ಫ್ರೀಡ್‌ಮನ್ ಹೆರಿಗೆಯನ್ನು ಮೊದಲು ಗ್ರಾಫ್ ಮಾಡಿದ್ದು. 70ರ ದಶಕದಲ್ಲಿ ಆಫ್ರಿಕಾದಲ್ಲಿ, ಆಪರೇಷನ್ ಸೌಲಭ್ಯ ದೂರ ಇರುವ ಕಡೆಯ ತಾಯಂದಿರನ್ನು ಸಮಯಕ್ಕೆ ಸರಿಯಾಗಿ ದೊಡ್ಡಾಸ್ಪತ್ರೆಗೆ ಕಳಿಸೋಕೆ ಅಂತ ಅದರ ಮೇಲೆ ಈ ಗೆರೆಗಳನ್ನು ಎಳೆದರು. ಈ ಇತಿಹಾಸ ಆಮೇಲೆ ಓದಿದ್ದು. ಅವತ್ತು ಅವಳು ಹೇಳಿದ್ದು ಇಷ್ಟೇ: ‘ನೀವು ಇಲ್ಲಿದೀರ. ಎಂಟು ಆಗ್ಬೇಕಿತ್ತು, ಆರಾಗಿದೆ. ಮೊದಲ ಗೆರೆ ದಾಟಿದೀರ, ಎರಡನೇದು ದಾಟಿಲ್ಲ. ಮಗು ಹೃದಯ ಬಡಿತ ಚೆನ್ನಾಗಿದೆ. ಡ್ರಿಪ್ ಹಾಕ್ತೀವಿ, ನೋವು ಇನ್ನೂ ಜೋರಾಗುತ್ತೆ. ಮುಂದಕ್ಕೆ ಹೋಗ್ಲಿಲ್ಲ ಅಂದ್ರೆ ಆಪರೇಷನ್.’

ಎರಡು ನಿಮಿಷದ ಮಾತು. ನೋವು ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಲಿಲ್ಲ. ಆದರೆ ಎಲ್ಲಿದ್ದೀನಿ ಅಂತ ಗೊತ್ತಾಯಿತು. ಕತ್ತಲೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಯಾರಾದರೂ ‘ಚನ್ನರಾಯಪಟ್ಟಣ ದಾಟ್ತು’ ಅಂದ ಹಾಗೆ.

ಡ್ರಿಪ್ಪಿನಲ್ಲಿ ಹಾಕೋದು ಆಕ್ಸಿಟೋಸಿನ್. ನಮ್ಮ ಮೈಯಲ್ಲೇ ಹುಟ್ಟುವ ಹಾರ್ಮೋನು ಅದು, ವಿನ್ಸೆಂಟ್ ಡು ವಿನ್ಯೋ ಅನ್ನುವವರು 1953ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿ 1955ರ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದರ ಕೆಲಸ ತಕ್ಷಣ ಅರ್ಥವಾಗುತ್ತದೆ. ಮಗುವಿನ ತಲೆ ಗರ್ಭಕೋಶದ ಬಾಯಿಯನ್ನು ಒತ್ತುತ್ತದೆ. ಆ ಸುದ್ದಿ ನರದಲ್ಲಿ ಮೆದುಳಿಗೆ ಹೋಗುತ್ತದೆ. ಪಿಟ್ಯುಟರಿ ಗ್ರಂಥಿ ಆಕ್ಸಿಟೋಸಿನ್ ಬಿಡುತ್ತದೆ. ಗರ್ಭಕೋಶ ಇನ್ನೂ ಜೋರಾಗಿ ಹಿಂಡುತ್ತದೆ. ತಲೆ ಇನ್ನೂ ಜೋರಾಗಿ ಒತ್ತುತ್ತದೆ. ಮತ್ತಷ್ಟು ಆಕ್ಸಿಟೋಸಿನ್. ಪಾಸಿಟಿವ್ ಫೀಡ್‌ಬ್ಯಾಕ್. ‘ಇದನ್ನ ಸುಮ್ಮನೆ ಬಿಟ್ರೆ ಸಿಸ್ಟಮ್ ಕೈ ಮೀರಿ ಹೋಗುತ್ತೆ’ ಅಂತ ಕ್ಲಾಸಿನಲ್ಲಿ ಎಷ್ಟು ಸಲ ಬರೆದುಕೊಂಡಿಲ್ಲ? ಇಲ್ಲೂ ಅದು ಕೈ ಮೀರಿಯೇ ಹೋಗುತ್ತದೆ. ಮಗು ಹೊರಗೆ ಬಂದರೇನೇ ಲೂಪ್ ಕಡಿಯೋದು. ಆ ಕೈ ಮೀರಿದ ಸಿಸ್ಟಮ್ಮು ನಾನು.

ಹತ್ತೂವರೆಗೆ ಪಕ್ಕದ ಅಕ್ಕನಿಗೆ ಹೆರಿಗೆಯಾಯಿತು. ಗಂಡು. ಸ್ಟ್ರೆಚರಿನಲ್ಲಿ ಹೋಗುವಾಗ ತಲೆ ಹೊರಳಿಸಿ, ‘ಬತ್ತೀನಿ ಕಣವ್ವ, ನಿಂದೂ ಮುಗೀತದೆ’ ಅಂದಳು. ಅವಳ ಕೈ ಹೋದ ಮೇಲೆ ಕೋಣೆ ಒಮ್ಮೆಲೇ ದೊಡ್ಡದಾಯಿತು. ಗಡಿಯಾರದ ಸದ್ದು, ಟ್ಯೂಬ್‌ಲೈಟಿನ ಸದ್ದು, ನಾನು. ಸತ್ತು ಹೋಗ್ತೀನಿ ಅನ್ನಿಸಿದ್ದು ಆಗಲೇ, ನೋವು ಜೋರಿದ್ದಾಗಲ್ಲ. ‘ಅಮ್ಮನ್ನ ಕರೀರಿ, ಕೈ ಮುಗೀತೀನಿ’ ಅಂದೆ. ಹೌಸ್ ಸರ್ಜನ್ ಸಿಸ್ಟರ್ ಹತ್ತಿರ ಏನೋ ಮಾತಾಡಿದಳು. ‘ಬೇರೆ ಪೇಷೆಂಟ್ ಇಲ್ವಲ್ಲ ಸಿಸ್ಟರ್’ ಅನ್ನೋದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಮ್ಮ ಆಸ್ಪತ್ರೆಯ ಹಸಿರು ಗೌನು ಹಾಕಿಕೊಂಡು ಬಂದಳು. ಬಾಗಿಲು ತೆರೆದದ್ದು ಅದೇ ಸಿಸ್ಟರ್. ಅದನ್ನೂ ಹೇಳಬೇಕು.

ಅಮ್ಮ ವಿಶೇಷ ಏನೂ ಮಾಡಲಿಲ್ಲ. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿದಳು. ಸೊಂಟದ ಹಿಂದೆ ಅಂಗೈ ಇಟ್ಟು ನೀವಿದಳು. ಪಕ್ಕದಲ್ಲಿದ್ದಳು. ಅಜ್ಜಿ ಹೇಳಿದ ಸೂಲಗಿತ್ತಿಯ ಕೆಲಸ ಎಷ್ಟು ದೊಡ್ಡದು ಅಂತ ಆಗ ಗೊತ್ತಾಯಿತು. ಮನೆ ಹೆರಿಗೆಯೇ ಚೆಂದ ಅಂತ ನಾನು ಹೇಳ್ತಿಲ್ಲ. ಅಜ್ಜಿಯ ಮೂರು ಮಕ್ಕಳು ಆ ಚೆಂದಕ್ಕೆ ಹೋಗಿವೆ. ಡ್ರಿಪ್ಪೂ ಬೇಕು, ಆಪರೇಷನ್ ಕೋಣೆಯೂ ಪಕ್ಕದಲ್ಲಿ ಬೇಕು. ಅದರ ಜೊತೆ ಒಂದು ಕೈಯೂ ಬೇಕು.

ಹನ್ನೆರಡೂಕಾಲಿಗೆ ಹತ್ತು ಸೆಂಟಿಮೀಟರ್. ‘ಈಗ ಮುಕ್ಕಬೇಕು’ ಅಂದರು. ಅಲ್ಲಿಂದ ನೋವಿನ ಜಾತಿಯೇ ಬದಲು. ಅಲ್ಲಿವರೆಗೂ ನನ್ನ ಮೇಲೆ ಏನೋ ನಡೆಯುತ್ತಿತ್ತು, ಈಗ ನಾನೇ ಮಾಡೋಕೆ ಒಂದು ಕೆಲಸ ಸಿಕ್ಕಿತು. ಒಂದೂ ಇಪ್ಪತ್ತೈದು ನಿಮಿಷ ಮುಕ್ಕಿದೆ. ಒಂದು ಗಂಟೆ ನಲವತ್ತಕ್ಕೆ, ಬೆಂಕಿ ಹಚ್ಚಿದಂಥ ಉರಿ, ಆಮೇಲೆ ಒಮ್ಮೆಲೇ ಜಾರಿದ ಹಾಗೆ. ಮಗು ಬಂತು. ಅಳಲಿಲ್ಲ.

ಸಿಸ್ಟರ್ ಬಟ್ಟೆಯಲ್ಲಿ ಬೆನ್ನು ಉಜ್ಜಿದರು. ಬಾಯಿ ಒರೆಸಿದರು. ಕೆಲವೇ ಸೆಕೆಂಡ್ ಅಂತ ಆಮೇಲೆ ಹೇಳಿದರು. ಅಮ್ಮ ನನ್ನ ಕೈಯನ್ನು ಮೂಳೆ ಮುರಿಯುವ ಹಾಗೆ ಹಿಡಿದಿದ್ದಳು. ನಾನು ತಿರುಗಿ ನೋಡಿದೆ. ಅಮ್ಮನ ಅಂಥ ಮುಖವನ್ನು ಯಾವತ್ತೂ ನೋಡಿರಲಿಲ್ಲ. ಆಮೇಲೆ ಬೆಕ್ಕಿನ ಮರಿಯಂತೆ ಒಂದು ಸದ್ದು, ಅದರ ಹಿಂದೆಯೇ ಕೋಣೆ ತುಂಬುವ ಅಳು. ಹೆಣ್ಣು, 2.8 ಕೆ.ಜಿ. ಹುಟ್ಟಿದ ಒಂದು ನಿಮಿಷಕ್ಕೆ, ಐದು ನಿಮಿಷಕ್ಕೆ ಮಗುವಿಗೂ ಹತ್ತಕ್ಕೆ ಮಾರ್ಕ್ಸ್ ಕೊಡುತ್ತಾರೆ, ಆಪ್ಗಾರ್ ಅಂತ. ನನ್ನ ಮಗಳಿಗೆ ಎಂಟು ಮತ್ತು ಒಂಬತ್ತು. ನನ್ನ ಯಾವ ಇಂಟರ್ನಲ್ಸಿಗಿಂತಲೂ ಒಳ್ಳೆ ಅಂಕ. ಆಮೇಲೆ ಕಸ ಬಿತ್ತು, ಹೊಲಿಗೆ ಹಾಕಿದರು. ಹೊಲಿಗೆಯ ವಿಷಯ ಯಾರೂ ಹೇಳಲ್ಲ, ಅದೂ ನೋಯುತ್ತೆ, ವಾರಗಟ್ಟಲೆ.

ಇಲ್ಲಿಗೆ ಮುಗಿಸಿದರೆ ಸಿನಿಮಾ ಥರ ಇರುತ್ತಿತ್ತು. ಮಗುವನ್ನು ಎದೆ ಮೇಲೆ ಮಲಗಿಸಿದರು. ಕಣ್ಣೀರು ಬರುತ್ತೆ, ಎಲ್ಲ ನೋವೂ ಮರೆತು ಹೋಗುತ್ತೆ ಅಂತ ಕೇಳಿದ್ದೆ. ನನಗೆ ಏನೂ ಆಗಲಿಲ್ಲ. ಬಿಸಿಯಾದ, ಒದ್ದೆಯಾದ, ಯಾರದೋ ಮಗು. ನನಗೆ ಬೇಕಿದ್ದದ್ದು ಒಂದು ಲೋಟ ನೀರು ಮತ್ತು ನಿದ್ದೆ.

ಮನೆಗೆ ಬಂದ ಮೇಲೂ ಹಾಗೇ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮೆಣಸಿನ ಸಾರು, ಬೆಳ್ಳುಳ್ಳಿ, ಹಂಡೆಗಟ್ಟಲೆ ಬಿಸಿ ನೀರು. ಎಲ್ಲರೂ ಮಗುವನ್ನು ಮುದ್ದು ಮಾಡುತ್ತಿದ್ದರು, ನಾನು ಗಂಟೆಗೊಂದು ಸಲ ಹಾಲು ಕುಡಿಸುವ ಯಂತ್ರ. ಅದೂ ಸರಿಯಾಗಿ ಬರುತ್ತಿರಲಿಲ್ಲ. ಮಗು ಬಾಯಿ ಹಾಕಿದರೆ ಪ್ರಾಣ ಹೋದಂಗೆ. ನಾಲ್ಕನೇ ದಿನ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಾನು ತಾಯಿಯೇ ಅಲ್ಲ, ನನ್ನಲ್ಲಿ ಏನೋ ಕೆಟ್ಟಿದೆ ಅಂತ. ಇದನ್ನು ಹೇಳೋದಾದರೂ ಯಾರಿಗೆ? ನೋವಾಯ್ತು ಅಂತ ಹೇಳೋಕೇ ನಾಚಿಕೆಪಡುವ ಊರಲ್ಲಿ, ಹೆತ್ತ ಮಗುವಿನ ಮೇಲೆ ಪ್ರೀತಿ ಬಂದಿಲ್ಲ ಅಂತ ಹೇಳೋಕಾಗುತ್ತಾ?

ಅಮ್ಮ ಬಚ್ಚಲ ಬಾಗಿಲಲ್ಲೇ ನಿಂತಿದ್ದಳು. ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನ ಮಂಚದ ತುದಿಯಲ್ಲಿ ಕೂತು, ದೀಪ ಹಾಕದೇ ಹೇಳಿದಳು. ನನಗಿಂತ ಮುಂಚೆ ಒಬ್ಬ ಹುಡುಗ ಹುಟ್ಟಿದ್ದನಂತೆ. ಅಳಲಿಲ್ಲವಂತೆ. ಅವನ ಮುಖವನ್ನೂ ಅವಳಿಗೆ ಸರಿಯಾಗಿ ತೋರಿಸಲಿಲ್ಲ. ಎರಡು ವರ್ಷಕ್ಕೆ ನಾನು ಹುಟ್ಟಿದೆ, ಇಪ್ಪತ್ತೆರಡು ಗಂಟೆ ನೋವು ತಿಂದ ಮೇಲೆ.

‘ನಿನ್ನ ಮುಖ ನೋಡೋಕೆ ಭಯ ಆಗ್ತಿತ್ತು ಮಗ. ಪ್ರೀತಿ ಮಾಡ್ಬಿಟ್ಟು, ನೀನೂ ಹೋಗ್ಬಿಟ್ರೆ? ಮೂರು ತಿಂಗಳು ಹಾಲು ಕೊಡೋದು, ಪಕ್ಕಕ್ಕೆ ಮಲಗ್ಸೋದು, ಅಷ್ಟೇ ಮಾಡ್ದೆ. ಆಮೇಲೆ ಯಾವಾಗ ಬಂತೋ ಗೊತ್ತಿಲ್ಲ. ಬಂತು.’

25 ವರ್ಷ ಅವಳ ಜೊತೆ ಬೆಳೆದಿದ್ದೇನೆ. ನನಗೊಬ್ಬ ಅಣ್ಣನಿದ್ದ ಅಂತ ಅವತ್ತು ಗೊತ್ತಾಯಿತು. ಜಡೆ ಹಾಕುವಾಗ ಕೈ ಯಾಕೆ ನಡುಗಿತು ಅಂತಲೂ. ‘ಮೊದಲೇ ಯಾಕಮ್ಮ ಹೇಳಲಿಲ್ಲ?’ ಅಂದೆ. ‘ಹೆದರ್ಕೋತೀಯ ಅಂತ’ ಅಂದಳು. ಹೆದರಿಕೆ ನನಗೆ ಹೇಗಿದ್ದರೂ ಇತ್ತು. ಒಬ್ಬಳೇ ಹೆದರಿದ್ದೆ, ಅಷ್ಟೇ ವ್ಯತ್ಯಾಸ.

ಹೆತ್ತ ಮೊದಲ ದಿನಗಳಲ್ಲಿ ಹೀಗೆ ಅಳು ಬರೋದು, ಮನಸ್ಸು ಖಾಲಿ ಅನ್ನಿಸೋದು ತುಂಬಾ ಜನ ತಾಯಂದಿರಿಗೆ ಆಗುತ್ತದೆ, ಸಾಮಾನ್ಯವಾಗಿ ತಾನೇ ಹೋಗುತ್ತದೆ ಅಂತ ಆಮೇಲೆ ಡಾಕ್ಟರ್ ಹೇಳಿದರು. ಎರಡು ವಾರ ದಾಟಿಯೂ ಉಳಿದರೆ, ಇಲ್ಲವೇ ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಅದು ಕಾಯಿಲೆ, ಚಿಕಿತ್ಸೆ ಇದೆ, ಕಾಯದೇ ಹೋಗಬೇಕು. ನನ್ನದು ಹೋಯಿತು. ಹನ್ನೊಂದನೇ ದಿನ ಅಜ್ಜಿ ಸಾಂಬ್ರಾಣಿ ಹೊಗೆ ಹಾಕುತ್ತಿದ್ದಳು. ಮಗು ಮುಖ ಸಿಂಡರಿಸಿ, ಒಂದರ ಹಿಂದೆ ಒಂದು ಮೂರು ಸಲ ಸೀನಿತು. ‘ಸಾಕು ನಿಲ್ಸು ಅಜ್ಜಿ, ಅವಳಿಗೆ ಉಸಿರು ಕಟ್ಟುತ್ತೆ!’ ಅಂತ ಮನೆ ಹಾರಿ ಹೋಗುವಂತೆ ಕೂಗಿದೆ. ಹೊಲಿಗೆ ಮರೆತು ಎದ್ದು ಹೋಗಿ ಮಗುವನ್ನು ಕಿತ್ತುಕೊಂಡೆ. ಅಜ್ಜಿ ಹೊಗೆ ಬಟ್ಟಲು ಹಿಡಿದುಕೊಂಡೇ ಅಮ್ಮನ ಕಡೆ ನೋಡಿ ‘ಬಂತು ನೋಡು’ ಅಂದಳು.

ಇನ್ನೊಂದು ಮಾತು, ಆ ಗ್ರಾಫಿನದ್ದು. ಮೊದಲ ಗೆರೆ ದಾಟಿದೆ ಅಂತ ತುಂಬಾ ದಿನ ಕೊರಗಿದ್ದೆ, ಏನೋ ಫೇಲಾದ ಹಾಗೆ. ಆಮೇಲೆ ಓದಿದರೆ, ಗಂಟೆಗೆ ಒಂದು ಸೆಂಟಿಮೀಟರ್ ಅನ್ನುವ ಲೆಕ್ಕ ಎಷ್ಟೋ ತಾಯಂದಿರಿಗೆ ಹೊಂದಲ್ಲ, ನಿಧಾನವಾಗಿ ತೆರೆದೂ ಚೆನ್ನಾಗಿ ಹೆರುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಹೇಳಿದೆ. 2020ರಲ್ಲಿ ಹೊಸ ಹಾಳೆ ತಂದಿದೆ, ಅದರಲ್ಲಿ ಲೆಕ್ಕ ಶುರುವಾಗೋದು ಐದು ಸೆಂಟಿಮೀಟರಿನಿಂದ. ಇನ್ನೂ ಒಂದಿದೆ: ತಾಯಿಯ ಜೊತೆಗೆ ಯಾರಾದರೂ ಇದ್ದಾರಾ ಅಂತ ಆ ಹಾಳೆಯಲ್ಲೇ ಗುರುತು ಹಾಕಬೇಕು. ಹೃದಯ ಬಡಿತ, ರಕ್ತದೊತ್ತಡ ಬರೆಯುವ ಹಾಳೆಯಲ್ಲೇ. ಅದನ್ನು ಓದಿದಾಗ ಆ ಎರಡಡಿ ಜಾಗದಾಚೆಯಿಂದ ಬಂದ ಕೈ ನೆನಪಾಯಿತು.

ಆದ್ದರಿಂದ ತಂಗಿ, ಕ್ಯಾಂಟೀನಿನಲ್ಲಿ ಹೇಳಿದ್ದನ್ನು ವಾಪಸ್ ತಗೋತೀನಿ. ಹೌದು, ತುಂಬಾ ನೋವಾಗುತ್ತೆ. ಎಲ್ಲರಿಗೂ ಒಂದೇ ಥರ ಅಲ್ಲ. ಕೆಲವರಿಗೆ ಬೇಗ, ಕೆಲವರಿಗೆ ಆಪರೇಷನ್, ಕೆಲವರು ನೋವು ಕಮ್ಮಿ ಮಾಡುವ ಇಂಜೆಕ್ಷನ್ ತಗೋತಾರೆ, ಅದರಲ್ಲಿ ಯಾವುದೂ ಸೋಲಲ್ಲ. ಕೂಗು ಬಂದರೆ ಕೂಗು. ಏನಾಗ್ತಿದೆ ಅಂತ ಕೇಳು, ಗ್ರಾಫ್ ತೋರಿಸಿ ಅನ್ನು. ಒಳಗೆ ಯಾರು ಇರಬಹುದು ಅಂತ ಮೊದಲೇ ವಿಚಾರಿಸು. ಮಗು ಬೇಡವೇ ಬೇಡ ಅನ್ನಿಸಿದರೆ ಅದೂ ನಿನ್ನಿಷ್ಟ, ಈ ಲೇಖನ ಯಾರನ್ನೂ ತಾಯಿ ಮಾಡೋಕೆ ಬರೆದದ್ದಲ್ಲ.

ಸಮೋಸ ತರೋಕೆ ಹೋದ ತಮ್ಮ, ನಿನಗೂ ಒಂದು ಕೆಲಸ ಇದೆ. ಈ ಭಾನುವಾರ ಹಾಸ್ಟೆಲ್ಲಿಂದ ಅಮ್ಮನಿಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡಬೇಡ. ನಾನು ಹುಟ್ಟಿದ ದಿನ ಏನಾಯ್ತಮ್ಮ ಅಂತ ಕೇಳು. ‘ಅಷ್ಟೇನಿಲ್ಲ ಬಿಡು’ ಅಂತಾಳೆ. ಇನ್ನೊಂದು ಸಲ ಕೇಳು.